ಸೀಲು ಅಂಗಡಿಯ ಮಲ್ಲಿಗೆ

ಜೂನ್ ತಿಂಗಳ ಕೊನೆಯ ವಾರದಲ್ಲಿ ಉಡುಪಿ ಪೇಟೆಯ ಒಂದು ಸೀಲು ಅಂಗಡಿಗೆ ಹೋಗಿ, ಮಲ್ಲಿಗೆ ಮೊಗ್ಗಿನ ಗೊಂಚಲೂ ಅದರ ಕೆಳಗೆ 'ಧನ್ಯವಾದ' ಎಂಬ ಪದವೂ ಇರುವ ಒಂದು ಠಸ್ಸೆಯನ್ನು ಮಾಡಿಕೊಡಬೇಕೆಂದು ಕೇಳಿದಾಗ, ಅಂಗಡಿಯ ಮಾಲಕರು ನನ್ನ ಕಾಗದವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದರು. "ಎಂತಕ್ಕೆ ಮೇಡಂ ಇದು? ಮಹಿಳಾ ಮಂಡಲದ್ದಾ?" ಎಂದರು. ಕಾರ್ಡುಗಳ ಮೇಲೆ ಒತ್ತಲಿಕ್ಕೆ ಎಂದೆ. "ಕಾರ್ಡು ಪ್ರೆಸ್ಸಿನಲ್ಲಿ ಮಾಡಿಸಿದರೆ ಒಂದೇ ದಿನದಲ್ಲಿ ಆಗ್ತದಲ್ಲ" ಎಂದು ಅವರು ಹೇಳಿದ್ದು ನ್ಯಾಯವಾದ ಮಾತೇ ಆಗಿತ್ತು. ಅವರ ಗಾಜಿನ ಕಪಾಟಿನ ತುಂಬ ಇದ್ದದ್ದು ಕಾರ್ಯದರ್ಶಿ, ಖಜಾಂಚಿ, ನಕಲು ಪ್ರತಿ, ಪಾವತಿಯಾಗಿದೆ ಎಂಬ ಮಾದರಿಗಳು. ಹೂವು ಬೇಕೆಂದು ಅಲ್ಲಿಗೆ ಬಂದವರಲ್ಲಿ ನಾನೇ ಮೊದಲಿಗಳಿರಬೇಕು.

ನನಗೆ ಬೇಕಾಗಿದ್ದದ್ದು 150 ಕಾರ್ಡುಗಳು. ತಂದೆಯವರ ಸಹಸ್ರಚಂದ್ರ ದರ್ಶನ ಶಾಂತಿಗೆ ಬಂದು ಹೋದವರಿಗೆಲ್ಲ ಕೈಯಿಂದ ಮಾಡಿದ ಒಂದು ಕೃತಜ್ಞತೆಯ ಕಾರ್ಡನ್ನು ಕಳಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು, ಮಾತಾಡಿದವರೆಲ್ಲ ಊರಿಗೆ ಮರಳಿದ ಮೇಲೆ ಕೆಲಸ ನನ್ನ ಪಾಲಿಗೆ ಉಳಿದಿತ್ತು. ಹೀಗೆ ಎರಡು ತಿಂಗಳು, ಅದೂ ಆಟಿಯ ಮಳೆಯಲ್ಲಿ, ರಬ್ಬರ್ ಸ್ಟ್ಯಾಂಪು, ಇಂಕು, ಕಾಗದ ಮತ್ತು ಕರಗುವ ಪುಡಿಗಳೊಡನೆ ನಾನು ಮಾಡಿದ ಪ್ರಯೋಗಗಳ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಇದು ಆ ಸೀಲು ಅಂಗಡಿಯ ಕೆಲಸದ ವಿಮರ್ಶೆ. ಜೊತೆಗೆ, ಹೋಲಿಕೆಗಾಗಿ ಆನ್‌ಲೈನಿನಲ್ಲಿ ತರಿಸಿದ ಪಾರದರ್ಶಕ ಸ್ಟ್ಯಾಂಪುಗಳ ಒಂದು ಸೆಟ್ಟಿನ ವಿಚಾರವೂ ಇದೆ. ಎರಡರಲ್ಲಿಯೂ ದೋಷಗಳನ್ನು ಕಂಡಿರುವುದರಿಂದ ಎರಡರ ಹೆಸರನ್ನೂ ಬರೆಯುವುದಿಲ್ಲ. ಪಾಲಿಮರ್ ಯಂತ್ರವನ್ನಿಟ್ಟುಕೊಂಡಿರುವ ಸೀಲು ಅಂಗಡಿಗಳ ಕ್ರಮ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಇಲ್ಲಿ ಹೇಳುವ ಮಾತು ಮಂಗಳೂರಿನಲ್ಲಿ ಮಾಡಿಸುವವರಿಗೂ ಸಲ್ಲುತ್ತದೆ.

ನಾವು ಇಂದಿಗೂ ರಬ್ಬರ್ ಸ್ಟ್ಯಾಂಪು ಎಂದೇ ಕರೆಯುತ್ತೇವಾದರೂ ಈಗ ಅಂಗಡಿಗಳಲ್ಲಿ ಮಾಡಿಕೊಡುವುದು ಬಹುತೇಕ ರಬ್ಬರಿನದ್ದಲ್ಲ. ಹಿಂದೆ ಸೀಸದ ಮೊಳೆಗಳನ್ನು ಜೋಡಿಸಿ, ಅದರಿಂದ ಒಂದು ತಗ್ಗಿನ ಅಚ್ಚನ್ನು ತೆಗೆದು, ಅದರ ಮೇಲೆ ರಬ್ಬರಿನ ಹಾಳೆಯನ್ನಿಟ್ಟು ಬಿಸಿಯಲ್ಲಿ ಒತ್ತಿ ಬೇಯಿಸುತ್ತಿದ್ದರು. ಗಂಧಕ ಸೇರಿಸಿದ ರಬ್ಬರನ್ನು ಹೀಗೆ ಕಾಯಿಸಿದರೆ ಅದು ಗಟ್ಟಿಯಾಗಿ, ಮತ್ತೆ ಕರಗದೆ, ಒತ್ತಿದರೆ ಬಾಗಿ ಬಿಟ್ಟರೆ ಮರಳುವ ಗುಣವನ್ನು ಪಡೆಯುತ್ತದೆಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದೇ ಈ ಕಸುಬಿನ ಮೂಲ. ಈಗಿನದು ಬೆಳಕಿನ ಕೆಲಸ. ಚಿತ್ರವನ್ನು ಕಪ್ಪು ಹಿನ್ನೆಲೆಯ ಫಿಲ್ಮಿನ ಮೇಲೆ ಮುದ್ರಿಸಿಕೊಳ್ಳುತ್ತಾರೆ. ಒತ್ತಿದಾಗ ಮೂಡಬೇಕಾದ ಭಾಗ ಮಾತ್ರ ಅದರಲ್ಲಿ ಪಾರದರ್ಶಕವಾಗಿರುತ್ತದೆ. ಅದನ್ನು ಗಾಜಿನ ಮೇಲಿಟ್ಟು, ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಸಿ, ಜೇನುತುಪ್ಪದಂತಹ ಪಾಲಿಮರ್ ದ್ರವವನ್ನು ಸುರಿದು, ಮತ್ತೊಂದು ಗಾಜಿನಿಂದ ಮುಚ್ಚಿ, ನೇರಳಾತೀತ ದೀಪಗಳಿರುವ ಪೆಟ್ಟಿಗೆಯೊಳಗೆ ದೂಡುತ್ತಾರೆ. ಬೆಳಕು ತಾಗಿದಲ್ಲಿ ದ್ರವ ಗಟ್ಟಿಯಾಗುತ್ತದೆ, ತಾಗದಲ್ಲಿ ದ್ರವವಾಗಿಯೇ ಉಳಿಯುತ್ತದೆ. ಆಮೇಲೆ ಸಾಬೂನು ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಗಟ್ಟಿಯಾಗದ ಅಂಟೆಲ್ಲ ಹೋಗಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಕೊನೆಗೊಮ್ಮೆ ಮತ್ತೆ ದೀಪದ ಕೆಳಗಿಟ್ಟರೆ ಮೈಯ ಜಿಗುಟು ಹೋಗುತ್ತದೆ. ಇಷ್ಟೂ ಕೆಲಸ ಅರ್ಧ ಗಂಟೆಯೊಳಗಿನದ್ದು. ಮಾಲಕರು ಅದನ್ನು ನನ್ನ ಎದುರಿನಲ್ಲಿಯೇ, ಏನನ್ನೂ ಮುಚ್ಚಿಡದೆ ಮಾಡಿ ತೋರಿಸಿದರು. ಈ ಅಂಗಡಿಯ ಬಗೆಗೆ ನನಗೆ ಮೊದಲು ಮೂಡಿದ ಗೌರವ ಇದು.

ಆದರೆ ಮೊದಲ ಠಸ್ಸೆ ಕೆಟ್ಟಿತು. ಮನೆಗೆ ತಂದು ಬಿಳಿಯ ಕಾಗದದ ಮೇಲೆ ಒತ್ತಿ ನೋಡಿದಾಗ ಮಲ್ಲಿಗೆಯ ಎಸಳುಗಳೆಲ್ಲ ಚೆನ್ನಾಗಿಯೇ ಬಂದಿದ್ದವು, ಅಕ್ಷರ ಮಾತ್ರ 'ದನ್ಯವಾದ' ಎಂದಾಗಿತ್ತು. ಧಕಾರದ ಹೊಟ್ಟೆ ಸೀಳುವ ಪುಟ್ಟ ಗೆರೆ ತೊಳೆಯುವಾಗ ಎಲ್ಲಿಯೋ ಹೊರಟುಹೋಗಿತ್ತು. ಒಂದನೆಯ ತರಗತಿಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದ ತಪ್ಪನ್ನು, ಎಂಬತ್ತು ದಾಟಿದ ತಂದೆಯವರ ಹೆಸರಿನಲ್ಲಿ 150 ಮನೆಗಳಿಗೆ ಕಳಿಸುವಂತಿರಲಿಲ್ಲ. ಮರುದಿನ ತೆಗೆದುಕೊಂಡು ಹೋದಾಗ ಮಾಲಕರು ಭೂತಗನ್ನಡಿ ಹಿಡಿದು ನೋಡಿ, "ಹೌದು, ಗೆರೆ ನಿಲ್ಲಲಿಲ್ಲ" ಎಂದು ಒಪ್ಪಿಕೊಂಡರು. ಇನ್ನೊಂದನ್ನು ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಈ ಸಲ ಬೆಳಕನ್ನು ಹೆಚ್ಚು ಹೊತ್ತು ಕೊಟ್ಟಿದ್ದರಿಂದ ಧಕಾರ ಸರಿಯಾಗಿ ಬಂತು. ಆದರೆ ಮಲ್ಲಿಗೆಯ ಎಸಳುಗಳ ನಡುವಿನ ಸಂದುಗಳು ತುಂಬಿಹೋಗಿ, ಗೊಂಚಲು ದೂರದಿಂದ ಹೂಕೋಸಿನಂತೆ ಕಾಣತೊಡಗಿತು.

ಇದರಲ್ಲಿ ಯಾರ ಅಜಾಗರೂಕತೆಯೂ ಇಲ್ಲ, ವಸ್ತುವಿನ ಸ್ವಭಾವವೇ ಹಾಗಿದೆ ಎಂಬುದು ನನಗೆ ತಿಳಿಯಲು ಎರಡು ಠಸ್ಸೆಗಳು ಹಾಳಾಗಬೇಕಾಯಿತು. ಒಂಟಿಯಾಗಿ ನಿಂತ ಸಣ್ಣ ಗೆರೆ ಗಟ್ಟಿಯಾಗಬೇಕಾದರೆ ಬೆಳಕು ಹೆಚ್ಚು ಹೊತ್ತು ಬೇಕು, ಇಲ್ಲವಾದರೆ ಅದು ಬುಡದಿಂದಲೇ ಕಿತ್ತುಹೋಗುತ್ತದೆ. ಇಕ್ಕಟ್ಟಾದ ಸಂದು ತೆರೆದಿರಬೇಕಾದರೆ ಬೆಳಕು ಕಡಿಮೆ ಹೊತ್ತು ಸಾಕು, ಹೆಚ್ಚಾದರೆ ಅದು ಪಕ್ಕಕ್ಕೆ ಹರಡಿ ಸಂದನ್ನೂ ಗಟ್ಟಿ ಮಾಡುತ್ತದೆ. ನನ್ನ ಒಂದೇ ಠಸ್ಸೆಯಲ್ಲಿ ಇವೆರಡೂ ಇದ್ದವು. ಇಂಗ್ಲಿಷಿನ ದಪ್ಪ ಅಕ್ಷರಗಳ ಕಚೇರಿ ಸೀಲುಗಳಿಗೆ ಹೊಂದಿಸಿಟ್ಟ ಸಮಯ ನಮ್ಮ ಒತ್ತಕ್ಷರಗಳಿಗೂ ಮಹಾಪ್ರಾಣಗಳಿಗೂ ಯಾವಾಗಲೂ ಹೊಂದುವುದಿಲ್ಲ. ಧ, ಭ, ಥ, ಫ ಇರುವ ಯಾವ ಪದವನ್ನು ಮಾಡಿಸುವವರಾದರೂ, 'ಶುಭಾಶಯ'ವನ್ನೂ ಸೇರಿಸಿ, ಈ ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೂರನೆಯ ಸಲ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಎರಡು ಬದಲಾವಣೆಗಳನ್ನು ಮಾಡಿದೆವು. ಚಿತ್ರವನ್ನೂ ಅಕ್ಷರವನ್ನೂ ಬೇರೆ ಬೇರೆ ಠಸ್ಸೆಗಳಾಗಿ ವಿಂಗಡಿಸಿದೆವು. ಒಂದಕ್ಕೆ ಕಡಿಮೆ ಬೆಳಕು, ಇನ್ನೊಂದಕ್ಕೆ ಹೆಚ್ಚು. ಧಕಾರದ ಗೆರೆಯನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ದಪ್ಪ ಮಾಡಿ ಬುಡವನ್ನು ತುಸು ಅಗಲಿಸಿದೆವು. ತೆರೆಯ ಮೇಲೆ ಅದು ವಿಕಾರವಾಗಿ ಕಂಡಿತು, ಕಾಗದದ ಮೇಲೆ ಒತ್ತಿದಾಗ ಸಹಜವಾಗಿತ್ತು. ಆ ಮಧ್ಯಾಹ್ನ ಹೊರಗೆ ಮಳೆ ಹೊಡೆಯುತ್ತಿತ್ತು, ಬೇರೆ ಗಿರಾಕಿಗಳಿರಲಿಲ್ಲ. ಮಾಲಕರು ಮೊದಲ ಪ್ರತಿಯನ್ನು ಹಳೆಯ ರಶೀದಿಯ ಬೆನ್ನಿಗೆ ಒತ್ತಿ, ಬೆಳಕಿಗೆ ಹಿಡಿದು, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಎಸಳಿನ ಅಂಚಿನಲ್ಲಿ ನಾನು ಪೆನ್ನಿನಿಂದ ಎಳೆದಿದ್ದ ನಡುಕವೂ ಅದರಲ್ಲಿ ಉಳಿದುಕೊಂಡಿತ್ತು.

ಅಂಗಡಿಯ ಮೇಲೆ ನನಗಿರುವ ಮುಖ್ಯ ಆಕ್ಷೇಪ ಹಿಡಿಯದ್ದು. ಪಾಲಿಮರನ್ನು ಮರದ ಹಿಡಿಗೆ ಸ್ಪಂಜಿನ ಟೇಪಿನಿಂದ ಅಂಟಿಸುವಾಗ ತುಸು ಓರೆಯಾಗಿತ್ತು. ಕಚೇರಿಯ ಸೀಲಿಗೆ ಇದೊಂದು ದೋಷವೇ ಅಲ್ಲ; ಅರ್ಜಿಯ ಮೂಲೆಯಲ್ಲಿ ಓರೆಯಾಗಿ ಬಿದ್ದ ಸೀಲಿಗೇ ಹೆಚ್ಚು ಅಧಿಕಾರ ಇದ್ದಂತೆ ಕಾಣುತ್ತದೆ. ಕಾರ್ಡಿನಲ್ಲಾದರೆ ಅಕ್ಷರ ಎರಡು ಡಿಗ್ರಿ ವಾಲಿದರೂ ಕಣ್ಣಿಗೆ ಹೊಡೆಯುತ್ತದೆ, ಮರದ ಹಿಡಿಯ ಮೂಲಕ ಕೆಳಗೆ ಏನಿದೆಯೆಂದು ಕಾಣುವುದೂ ಇಲ್ಲ. ಆದ್ದರಿಂದ ಹಿಡಿ ಬೇಡ, ಪಾಲಿಮರ್ ಮಾತ್ರ ಕೊಡಿ ಎಂದು ಕೇಳಿಕೊಳ್ಳುವುದೇ ಮೇಲು. ಬೆಲೆಯೂ ಇಳಿಯುತ್ತದೆ. ಹಿಡಿಯ ಬದಲಿಗೆ ನಾನು ಹಳೆಯ ಸಿ.ಡಿ. ಪೆಟ್ಟಿಗೆಯ ಪಾರದರ್ಶಕ ಮುಚ್ಚಳವನ್ನು ಕತ್ತರಿಸಿಕೊಂಡು, ಎರಡು ಪದರಗಳನ್ನು ಒಂದಕ್ಕೊಂದು ಅಂಟಿಸಿ, ಅದರ ಮೇಲೆ ಉಗುರಿನಂತಹ ಮೊನೆಯಿಂದ ಚೌಕಳಿ ಗೆರೆಗಳನ್ನು ಗೀರಿಕೊಂಡೆ. ಪಾಲಿಮರ್ ಅರೆಪಾರದರ್ಶಕವಾದುದರಿಂದ ಎಲ್ಲಿ ಒತ್ತುತ್ತಿದ್ದೇನೆಂಬುದು ಮೇಲಿನಿಂದಲೇ ಕಾಣುತ್ತದೆ. ತಾನೇ ಇಂಕು ಹಚ್ಚಿಕೊಳ್ಳುವ ಪ್ಲಾಸ್ಟಿಕ್ ಸ್ಟ್ಯಾಂಪನ್ನು ಅಂಗಡಿಯವರು ಒತ್ತಾಯವಾಗಿ ಶಿಫಾರಸು ಮಾಡಿದರು. ಲಕೋಟೆಯ ಹಿಂದೆ ವಿಳಾಸ ಒತ್ತಲು ಅದು ಅನುಕೂಲ. ಬಣ್ಣ ಬದಲಿಸಲಾಗದ್ದರಿಂದ ಕಾರ್ಡಿಗೆ ಪ್ರಯೋಜನವಿಲ್ಲ.

ಇನ್ನು ಇಂಕಿನ ವಿಚಾರ. ಮನೆಯಲ್ಲಿದ್ದ ನೇರಳೆ ಬಣ್ಣದ ಕಚೇರಿ ಪ್ಯಾಡಿನಿಂದಲೇ ಆರಂಭಿಸಿದ್ದು ನನ್ನ ತಪ್ಪು. ಪ್ಯಾಡು ಡಬ್ಬಿಯೊಳಗೆ ಬೇಗ ಒಣಗದಿರಲೆಂದು ಅಂತಹ ಇಂಕಿನಲ್ಲಿ ಗ್ಲಿಸರಿನ್‌ನಂತಹ, ತೇವವನ್ನು ಹಿಡಿದಿಡುವ ವಸ್ತುವನ್ನು ಸೇರಿಸಿರುತ್ತಾರೆ. ಅದು ಕಾಗದದೊಳಕ್ಕೆ ಇಂಗಿಯೇ ಒಣಗಬೇಕು. ನುಣುಪಾದ ಐವರಿ ಕಾರ್ಡಿನ ಮೇಲ್ಮೈ ಅದನ್ನು ಹೀರಿಕೊಳ್ಳುವುದಿಲ್ಲ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಿನ ಜುಲೈ ತಿಂಗಳ ಗಾಳಿ ಅದನ್ನು ಒಣಗಲು ಬಿಡುವುದೂ ಇಲ್ಲ. ರಾತ್ರಿ ಒತ್ತಿಟ್ಟ ಹತ್ತು ಕಾರ್ಡುಗಳನ್ನು ಬೆಳಿಗ್ಗೆ ಒಂದರ ಮೇಲೊಂದು ಪೇರಿಸಿದಾಗ ಪ್ರತಿಯೊಂದು ಕಾರ್ಡಿನ ಬೆನ್ನಿಗೂ ಹಿಂದಿನ ಕಾರ್ಡಿನ ಮಲ್ಲಿಗೆ ತಿರುವುಮುರುವಾಗಿ ಅಂಟಿಕೊಂಡಿತ್ತು. ಆ ನೇರಳೆ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆಂಬುದು ಬೇರೆ ಮಾತು.

ಕಾರ್ಡಿನ ಕೆಲಸಕ್ಕೆ ಸಿಗುವ ಇಂಕುಗಳನ್ನು ಎರಡು ಜಾತಿಯಾಗಿ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ. ಅದು ಕಾಗದದ ನಾರಿನೊಳಗೆ ಇಳಿದು ಬೇಗ ಒಣಗುತ್ತದೆ, ಆದರೆ ಮೆತ್ತನೆಯ ಕಾಗದದಲ್ಲಿ ಅಂಚು ಒಡೆದು ಹರಡುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗದ ಪುಡಿಯಾಗಿಯೇ ಇದ್ದು ಕಾಗದದ ಮೇಲೆ ಕೂರುತ್ತದೆ. ಬಣ್ಣ ದಟ್ಟ, ಬೆಳಕಿಗೂ ಹೆಚ್ಚು ಕಾಲ ಬಾಳುತ್ತದೆ, ಒಣಗಲು ಮಾತ್ರ ತಾಳ್ಮೆ ಬೇಕು. ನಾನು ಅಕ್ಷರಕ್ಕೆ ಕಡು ಕಂದು ಬಣ್ಣದ ಡೈ ಇಂಕನ್ನೂ ಮಲ್ಲಿಗೆಗೆ ಪಿಗ್ಮೆಂಟನ್ನೂ ಆರಿಸಿಕೊಂಡೆ. ಮಳೆಗಾಲದಲ್ಲಿ ಒಂದೇ ಪ್ಯಾಡನ್ನು ಕೊಳ್ಳುವವರಾದರೆ ಡೈ ಸಾಕು ಎಂಬುದು ನನ್ನ ಅಭಿಪ್ರಾಯ.

ಇಂಕು ಹಚ್ಚುವ ಕ್ರಮವನ್ನು ನನಗೆ ಕಲಿಸಿದವರು ತಂದೆಯವರು. ನಾನು ಠಸ್ಸೆಯನ್ನು ಪ್ಯಾಡಿನ ಮೇಲೆ ಜಜ್ಜುವುದನ್ನು ಜಗಲಿಯಿಂದ ಎರಡು ದಿನ ನೋಡಿ, ಮೂರನೆಯ ದಿನ ತಮ್ಮ ಮುದ್ರೆಯ ಪೆಟ್ಟಿಗೆಯನ್ನು ತಂದು ಎದುರಿಗಿಟ್ಟರು. ಸ್ನಾನದ ಅನಂತರ ಗೋಪೀಚಂದನವನ್ನು ಅಂಗೈಯಲ್ಲಿ ತೇಯ್ದು, ಶಂಖ, ಚಕ್ರ, ಗದೆ, ಪದ್ಮ, ನಾರಾಯಣ ಮುದ್ರೆಗಳನ್ನು ಅದರಲ್ಲಿ ಅದ್ದಿ ಮೈಗೆ ಒತ್ತಿಕೊಳ್ಳುವುದು ಮಾಧ್ವರ ಮನೆಗಳಲ್ಲಿ ನಿತ್ಯದ ಕರ್ಮ. ಶಯನೀ ಏಕಾದಶಿಯಂದು ಕೃಷ್ಣ ಮಠದಲ್ಲಿ ಕಾಯಿಸಿದ ಮುದ್ರೆಯನ್ನೇ ಹಾಕಿಸಿಕೊಳ್ಳುತ್ತಾರೆ. ಎಪ್ಪತ್ತು ವರ್ಷ ದಿನವೂ ಠಸ್ಸೆ ಒತ್ತಿದ ಇನ್ನೊಬ್ಬರು ನಮ್ಮ ಮನೆಯಲ್ಲಿದ್ದಾರೆಂಬುದು ನನಗೆ ಹೊಳೆದಿರಲೇ ಇಲ್ಲ. "ಗಂಧ ಹೆಚ್ಚಾದರೆ ಶಂಖ ಯಾವುದು, ಚಕ್ರ ಯಾವುದು ಅಂತ ಗೊತ್ತಾಗುವುದಿಲ್ಲ. ತೆಳುವಾಗಿ ಮುಟ್ಟಿಸು, ನೇರ ಒತ್ತು, ಅಲ್ಲಾಡಿಸದೆ ನೇರ ಎತ್ತು" ಎಂದು ತುಳುವಿನಲ್ಲಿ ಹೇಳಿದರು. ಅಂದಿನಿಂದ ಠಸ್ಸೆಯನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, ಪ್ಯಾಡನ್ನೇ ಕೈಯಲ್ಲಿ ಹಿಡಿದು ಅದರ ಮೇಲೆ ಹಗುರವಾಗಿ ತಟ್ಟುವ ಅಭ್ಯಾಸ ಮಾಡಿಕೊಂಡೆ. ಇಂಕು ಎಲ್ಲಿ ತಾಗಿದೆ, ಎಲ್ಲಿ ಇಲ್ಲ ಎಂಬುದು ಹೀಗೆ ಕಣ್ಣಿಗೆ ಕಾಣುತ್ತದೆ. ಕಾರ್ಡಿನ ಕೆಳಗೆ ಒಂದು ಹಳೆಯ ಮೌಸ್ ಪ್ಯಾಡನ್ನು ಹಾಸಿದರೆ ಒತ್ತಡವೂ ಸಮನಾಗುತ್ತದೆ.

ಕಾಗದದ ಬಗೆಗೆ ಹೆಚ್ಚು ಹೇಳುವುದಿಲ್ಲ. 250ರಿಂದ 300 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ದಪ್ಪದ, ನುಣುಪು ಲೇಪನವಿಲ್ಲದ ಬಿಳಿಯ ಕಾರ್ಡು ಸಾಕು. ಎ4 ಹಾಳೆಯನ್ನು ಅರ್ಧ ಮಾಡಿ, ಆ ಅರ್ಧವನ್ನು ಮಡಚಿದರೆ 105ಕ್ಕೆ 148 ಮಿಲಿಮೀಟರಿನ ಕಾರ್ಡಾಗುತ್ತದೆ. ಯಾವುದಾದರೂ ಪ್ರೆಸ್ಸಿನಲ್ಲಿ ಕಟಿಂಗ್ ಮಾಡಿಸಿಕೊಳ್ಳುವುದು ಬ್ಲೇಡಿನಲ್ಲಿ ಕೊಯ್ದುಕೊಳ್ಳುವುದಕ್ಕಿಂತ ಚೊಕ್ಕ. ಹಾಳೆಯನ್ನು ಎರಡೂ ಕಡೆಗೆ ಮೆತ್ತಗೆ ಬಾಗಿಸಿ ನೋಡಿದರೆ ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ. ಮಡಿಕೆ ಆ ಕಡೆಗೇ ಬರಬೇಕು, ಇಲ್ಲವಾದರೆ ಮಡಚಿದಲ್ಲಿ ನಾರು ಮುರಿದು ಅಂಚು ಬಿರಿಯುತ್ತದೆ. ಮಡಚುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಳ್ಳಬೇಕು.

ಪ್ರಯೋಗಗಳಲ್ಲಿ ನನಗೆ ಅತ್ಯಂತ ಸಂತೋಷವನ್ನೂ ಹೆಚ್ಚಿನ ನಷ್ಟವನ್ನೂ ಕೊಟ್ಟದ್ದು ಎಂಬಾಸಿಂಗ್ ಪುಡಿ. ಲಗ್ನಪತ್ರಿಕೆಗಳಲ್ಲಿ ಬೆರಳಿಗೆ ಸಿಗುವಂತೆ ಉಬ್ಬಿದ ಹೊಳೆಯುವ ಅಕ್ಷರಗಳನ್ನು ಎಲ್ಲರೂ ಕಂಡಿರುತ್ತಾರೆ. ಹಸಿ ಇಂಕಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಕರಗಿಸುವ ಆ ಕೆಲಸದ ಮನೆಯ ರೂಪವೇ ಇದು. ಪಿಗ್ಮೆಂಟ್ ಇಂಕಿನಲ್ಲಿ ಒತ್ತಿದ ಕೂಡಲೇ ಪುಡಿಯನ್ನು ಚೆಲ್ಲಿ, ಕಾರ್ಡನ್ನು ವಾಲಿಸಿ, ಉಳಿದದ್ದನ್ನು ಮಡಚಿದ ಕಾಗದದ ಮೇಲೆ ಬೀಳಿಸಿ ಡಬ್ಬಿಗೆ ತುಂಬಿಕೊಳ್ಳಬೇಕು. ಬೇಗ ಒಣಗುವ ಡೈ ಇಂಕಿನ ಮೇಲೆ ಪುಡಿ ನಿಲ್ಲುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಾದರೋ ಪುಡಿ ಇಂಕಿನ ಮೇಲೆ ಮಾತ್ರವಲ್ಲದೆ ಬೆರಳು ಮುಟ್ಟಿದ ಜಾಗಗಳಲ್ಲಿಯೂ, ತೇವ ಹಿಡಿದ ಇಡೀ ಕಾರ್ಡಿನ ಮೇಲೆಯೂ ಕೂರುತ್ತದೆ. ತೆಳುವಾದ ಬಟ್ಟೆಯಲ್ಲಿ ಒಂದು ಚಮಚ ಕಾರ್ನ್‌ಫ್ಲೋರನ್ನು ಗಂಟು ಕಟ್ಟಿಕೊಂಡು, ಠಸ್ಸೆ ಒತ್ತುವ ಮೊದಲು ಕಾರ್ಡಿನ ಮೇಲೆ ಒಮ್ಮೆ ಸವರಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಾಯಿಸಲು ಕೂದಲು ಒಣಗಿಸುವ ಡ್ರೈಯರು ಆಗುವುದಿಲ್ಲ. ಅದರ ಗಾಳಿ ಹೆಚ್ಚು, ಬಿಸಿ ಕಡಿಮೆ. ನನ್ನ ಚಿನ್ನದ ಬಣ್ಣದ ಪುಡಿಯೆಲ್ಲ ಹಾರಿ ದೇವರ ಕೋಣೆಯ ಹೊಸ್ತಿಲಿನವರೆಗೂ ತಲುಪಿತು. ಬಿಸಿ ಗಾಳಿ ಊದುವ ಹೀಟ್ ಗನ್ ಬರುವವರೆಗೆ ಇಸ್ತ್ರಿಪೆಟ್ಟಿಗೆಯನ್ನು ಎರಡು ಇಟ್ಟಿಗೆಗಳ ನಡುವೆ ಅಂಗಾತ ನಿಲ್ಲಿಸಿ, ಅದರ ಮೇಲೆ ಕಾರ್ಡಿನ ಬೆನ್ನನ್ನು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ಕರಗಿಸಿದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಬಾರದು. ಕರಗುವ ಕ್ಷಣ ನೋಡಬೇಕಾದದ್ದು. ಮೊದಲಿಗೆ ಪುಡಿ ಬೂದಿಯಂತೆ ಮಂಕಾಗಿಯೇ ಇರುತ್ತದೆ, ಏನೂ ಆಗುತ್ತಿಲ್ಲವೆಂದು ಅನಿಸುತ್ತದೆ. ಆಮೇಲೆ ಒಂದು ಎಸಳಿನ ತುದಿ ಒದ್ದೆಯಾದಂತೆ ಕಪ್ಪಾಗುತ್ತದೆ, ಮರುಕ್ಷಣ ಹೊಳೆಯುತ್ತದೆ, ಆ ಹೊಳಪು ಗೆರೆಯ ಉದ್ದಕ್ಕೂ ಓಡಿ ತೊಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಕಾರ್ಡನ್ನು ತೆಗೆಯಬೇಕು. ಚೆಂದ ಕಾಣುತ್ತಿದೆಯೆಂದು ಇನ್ನೆರಡು ಉಸಿರಿನಷ್ಟು ಹೊತ್ತು ಹಿಡಿದರೆ ಕರಗಿದ ರಾಳ ಕಾಗದದೊಳಗೆ ಇಂಗಿ, ಉಬ್ಬು ಹೋಗಿ, ಎಣ್ಣೆಯ ಕಲೆಯಂತಹ ಗುರುತು ಉಳಿಯುತ್ತದೆ. ನನ್ನ ಮೊದಲ 20 ಕಾರ್ಡುಗಳಲ್ಲಿ 11 ಹೀಗೆ ಹೋದವು.

ಬಣ್ಣವಿಲ್ಲದ ಪುಡಿಯಿಂದ ಇನ್ನೊಂದು ಕೆಲಸ ಸಾಧ್ಯ. ಬಿಳಿಯ ಕಾರ್ಡಿನ ಮೇಲೆ ಬಣ್ಣವಿಲ್ಲದ ಇಂಕಿನಲ್ಲಿ ಮಲ್ಲಿಗೆಯನ್ನು ಒತ್ತಿ, ಬಣ್ಣವಿಲ್ಲದ ಪುಡಿಯಿಂದ ಉಬ್ಬಿಸಿ, ಅದರ ಮೇಲೆ ತೆಳುವಾದ ಹಸಿರು ನೀರ್ಬಣ್ಣವನ್ನು ಬ್ರಷ್ಷಿನಿಂದ ಎಳೆದರೆ, ರಾಳ ನೀರನ್ನು ತಳ್ಳುವುದರಿಂದ ಗೆರೆಗಳು ಮಾತ್ರ ಬಿಳಿಯಾಗಿಯೇ ಉಳಿಯುತ್ತವೆ. ಬಿಳಿಯ ಹೂವನ್ನು ಬಿಳಿಯ ಕಾಗದದ ಮೇಲೆ ಕಾಣಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಗಲಿಲ್ಲ. ಕೊನೆಗೆ 150 ಕಾರ್ಡುಗಳನ್ನೂ ಇದೇ ಕ್ರಮದಲ್ಲಿ ಮಾಡಿದೆ.

ಈಗ ಆನ್‌ಲೈನಿನಲ್ಲಿ ತರಿಸಿದ ಸೆಟ್ಟು. ಒಂದು ಹಾಳೆಯಲ್ಲಿ 24 ಪಾರದರ್ಶಕ ಸ್ಟ್ಯಾಂಪುಗಳು, ಅವನ್ನು ಅಂಟಿಸಿಕೊಂಡು ಒತ್ತಲು ಜೊತೆಗೊಂದು ಪುಟ್ಟ ಅಕ್ರಿಲಿಕ್ ಬಿಲ್ಲೆ. ಹಿಮದ ಹರಳು, ದೇವದಾರು ಮರ, ಕೊರಳಿಗೆ ಶಾಲು ಸುತ್ತಿಕೊಂಡ ಪೆಂಗ್ವಿನ್. ಮಲ್ಪೆಯ ಕಡಲಿನ ಗಾಳಿಯಲ್ಲಿ ಬೆವರುತ್ತ ಈ ಪೆಂಗ್ವಿನನ್ನು ಯಾರಿಗೆ ಕಳಿಸಲಿ? ಅದಿರಲಿ, ನಿಜವಾದ ದೋಷ ಗುಣಮಟ್ಟದ್ದು. ಇಂಕು ಸಮನಾಗಿ ಹರಡದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿ ಹನಿಯಾಗಿ ನಿಂತುಬಿಡುತ್ತಿತ್ತು. ಹೊಸ ಸ್ಟ್ಯಾಂಪಿನ ಮೈಮೇಲೆ ತಯಾರಿಕೆಯ ಜಿಡ್ಡು ಇರುವುದುಂಟು. ಪೆನ್ಸಿಲಿನ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಅದು ಹೋಗುತ್ತದೆ. ಉಜ್ಜಿದ ಮೇಲೆ ಅರ್ಧದಷ್ಟು ಸ್ಟ್ಯಾಂಪುಗಳು ಸುಧಾರಿಸಿದವು, ಉಳಿದವು ಕೊನೆಯವರೆಗೂ ಚುಕ್ಕಿ ಚುಕ್ಕಿಯಾಗಿಯೇ ಮೂಡಿದವು. ಮಾರಾಟಗಾರರಿಗೆ ಬರೆದ ದೂರಿಗೆ ಬಂದ ಉತ್ತರ ಯಂತ್ರದ್ದು. ನಮ್ಮ ಸೀಲು ಅಂಗಡಿಯ ಪಾಲಿಮರ್ ಮೊದಲ ಒತ್ತಿಗೇ ಇಂಕನ್ನು ಹಿಡಿದಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಸೆಟ್ಟಿನಿಂದ ಲಾಭವೇ ಆಗಲಿಲ್ಲವೆಂದು ಹೇಳುವುದೂ ತಪ್ಪು. ಕಲಿಕೆಗೆ ಅದು ಒದಗಿತು. ಒಮ್ಮೆ ಇಂಕು ಹಚ್ಚಿ ಎರಡು ಸಲ ಒತ್ತಿದರೆ ಎರಡನೆಯದು ಮಸುಕಾಗಿ ಬರುತ್ತದೆ, ಆ ಮಸುಕು ದೂರದಂತೆ ಕಾಣುತ್ತದೆ ಎಂಬುದನ್ನು ಮೊದಲು ಕಂಡದ್ದು ಆ ದೇವದಾರು ಮರಗಳಲ್ಲಿ. ಇದನ್ನೇ ಒಂದು ಮೊಗ್ಗಿನ ಠಸ್ಸೆಗೆ ಅನ್ವಯಿಸಿ, ಎದುರಿನ ಮೊಗ್ಗನ್ನು ಗಾಢವಾಗಿಯೂ ಹಿಂದಿನದನ್ನು ಮಸುಕಾಗಿಯೂ ಒತ್ತುತ್ತ ಹೋದಾಗ ಶಂಕರಪುರ ಮಲ್ಲಿಗೆಯ ಚೆಂಡಿನ ಸುತ್ತು ಕಾಗದದ ಮೇಲೆ ಬಂತು. ಒಂದರ ಹಿಂದೆ ಒಂದು ಅಡಗಿದಂತೆ ಕಾಣಬೇಕಾದರೆ ಎದುರಿನ ಮೊಗ್ಗನ್ನೇ ಮೊದಲು ಒತ್ತಬೇಕು. ಅದೇ ಮೊಗ್ಗನ್ನು ಅಂಟುಚೀಟಿಯ ಮೇಲೂ ಒತ್ತಿ, ಅಂಚಿಗೆ ಸರಿಯಾಗಿ ಕತ್ತರಿಸಿ, ಮೊದಲನೆಯದರ ಮೇಲೆ ಮುಚ್ಚಿ, ಆಮೇಲೆ ಹಿಂದಿನದನ್ನು ಒತ್ತಬೇಕು. ಚೀಟಿಯನ್ನು ಕಿತ್ತಾಗ ಹಿಂದಿನ ಮೊಗ್ಗು ಸರಿಯಾಗಿ ಹಿಂದೆಯೇ ನಿಂತಿರುತ್ತದೆ. ಮೊದಲು ಹಿಂದಿನದು, ಆಮೇಲೆ ಎದುರಿನದು ಎಂದು ಚಿತ್ರ ಬರೆದು ರೂಢಿಯಾದವರಿಗೆ ಈ ಕ್ರಮ ಕೆಲವು ದಿನ ಕೈಗೆ ಬರುವುದಿಲ್ಲ. ಇನ್ನೊಂದು ವಿಧಾನದಲ್ಲಿ ತುಂಬಿದ ಮೈಯ ಎಲೆಯ ಠಸ್ಸೆಗೆ ಇಂಕು ಹಚ್ಚಿ, ಇಂಕಿಲ್ಲದ ಗೆರೆಗಳ ಠಸ್ಸೆಯನ್ನು ಅದಕ್ಕೆ ಮುಟ್ಟಿಸಿ ತೆಗೆದರೆ ಗೆರೆಯಿದ್ದಲ್ಲಿ ಇಂಕು ಎದ್ದುಬರುತ್ತದೆ, ಒತ್ತಿದಾಗ ಎಲೆಗೆ ನರಗಳು ಮೂಡುತ್ತವೆ. ನೋಡಲು ಸೊಗಸು, 150 ಸಲ ಮಾಡುವ ಕೆಲಸವಲ್ಲ.

ಅಂಗಡಿಗೆ ಹೋಗಲಾಗದ ಮಳೆಯ ದಿನಗಳಲ್ಲಿ ಶಾಲೆಯ ಮಕ್ಕಳ ಬಿಳಿಯ ರಬ್ಬರನ್ನು ಬ್ಲೇಡಿನಿಂದ ಕೊರೆದೂ ನೋಡಿದೆ. ಪೆನ್ಸಿಲಿನ ಚಿತ್ರವನ್ನು ರಬ್ಬರಿನ ಮೇಲೆ ಕವುಚಿ ಉಜ್ಜಿದರೆ ತಿರುವು ಚಿತ್ರ ತಾನಾಗಿಯೇ ಇಳಿಯುತ್ತದೆ. 1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದಾಗ ನಡೆಯುತ್ತಿದ್ದ ಕಲ್ಲಚ್ಚಿನ ಕೆಲಸಕ್ಕೂ ಕಲ್ಲಿನ ಮೇಲೆ ಹೀಗೆ ತಿರುವಾದ ಅಕ್ಷರವೇ ಬೇಕಾಗಿತ್ತು. ಆ ಕೈಗಳಿಗೆ ನಮಸ್ಕಾರ. ನನ್ನ ಕೈಯಲ್ಲಿ ಎಲೆ, ಚುಕ್ಕಿ ಮತ್ತು ಒಂದು ಹಣತೆಯ ಹೊರತು ಯಾವ ಅಕ್ಷರವೂ ಓದುವಂತೆ ಬರಲಿಲ್ಲ. ಬೆಂಡೆಕಾಯಿಯ ತುಂಡಿನ ಅಚ್ಚು ಅದಕ್ಕಿಂತ ಚೆನ್ನಾಗಿತ್ತು.

ಖರ್ಚನ್ನು ಹೇಳುವುದಾದರೆ, ಸೀಲು ಅಂಗಡಿಯಲ್ಲಿ ಹಿಡಿಯಿಲ್ಲದ ಎರಡು ಪಾಲಿಮರುಗಳಿಗೆ ನಾನು ಕೊಟ್ಟದ್ದು 400 ರೂಪಾಯಿ, ಆ 24 ಸ್ಟ್ಯಾಂಪುಗಳ ಸೆಟ್ಟಿಗೆ 650. ನನ್ನ ಚಿತ್ರ, ನನ್ನ ಭಾಷೆಯ ಅಕ್ಷರ, ಕೆಟ್ಟರೆ ಹಿಂದಕ್ಕೆ ಒಯ್ದು ಎದುರಿಗೆ ನಿಂತು ಮಾತಾಡುವ ಸೌಕರ್ಯ, ಇವುಗಳಿಗಾಗಿ ಅಂಗಡಿಯನ್ನೇ ಶಿಫಾರಸು ಮಾಡುತ್ತೇನೆ. ಹೇಳಿದ ದಿನಕ್ಕೆ ಕೆಲಸ ಎರಡು ಸಲ ಆಗಿರಲಿಲ್ಲ, ಫೋನು ಎತ್ತುವ ಅಭ್ಯಾಸ ಅವರಿಗೆ ಕಡಿಮೆ, ಕರೆಂಟು ಹೋದರೆ ದೀಪದ ಪೆಟ್ಟಿಗೆಯೂ ನಿಲ್ಲುತ್ತದೆ; ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಠಸ್ಸೆಯನ್ನು ಮನೆಗೆ ತಂದ ಮೇಲೆ ಸಾಬೂನಿನ ನೀರಿನಿಂದ ಮಾತ್ರ ತೊಳೆಯಬೇಕು, ಥಿನ್ನರು ಮುಟ್ಟಿಸಬಾರದು. ಕಿಟಕಿಯ ಬಿಸಿಲಿನಲ್ಲಿಟ್ಟರೆ, ಯಾವ ಬೆಳಕು ಅದನ್ನು ಗಟ್ಟಿ ಮಾಡಿತೋ ಅದೇ ಬೆಳಕು ಮುಂದುವರಿದು ಹಳದಿಯಾಗಿಸಿ ಬಿರುಕು ಬಿಡಿಸುತ್ತದೆ. ನನ್ನವು ಈಗ ತಂದೆಯವರ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿವೆ.

ಕಳೆದ ವಾರ ಚೌತಿಯ ಕಾರ್ಡಿಗೆಂದು ಒಂದು ಕಬ್ಬಿನ ಜಲ್ಲೆಯ ಚಿತ್ರವನ್ನು ಕೊಡಲು ಹೋಗಿದ್ದೆ. ನನ್ನ ಮೊದಲ 'ದನ್ಯವಾದ'ದ ಅಚ್ಚನ್ನೂ ಮೂರನೆಯ ಸಲದ ಅಚ್ಚನ್ನೂ ಮಾಲಕರು ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಒತ್ತಿ, ಗಾಜಿನ ಕೆಳಗೆ, ಖಜಾಂಚಿಯ ಪಕ್ಕದಲ್ಲಿ ಇಟ್ಟಿದ್ದರು. ಯಾವುದೋ ಭಜನಾ ಮಂಡಳಿಯ ಸೀಲಿಗೆ ಬಂದಿದ್ದ ಹುಡುಗನೊಬ್ಬನಿಗೆ ಅದನ್ನು ಬೆರಳಿನಿಂದ ತೋರಿಸುತ್ತ, "ಭ ಉಂಟಲ್ಲ ನಿಮ್ಮದರಲ್ಲಿ, ಗೆರೆ ಸ್ವಲ್ಪ ದಪ್ಪ ಮಾಡುವ" ಎನ್ನುತ್ತಿದ್ದರು.